ಬಿಳಿ ಬಿಟ್ಟ ವಸಂತಪುರ

ಅಕ್ಷರ ಕೂಡಿಸಿ ಓದುವಷ್ಟು ನನಗೆ ಬರುತ್ತದೆ, ಅಷ್ಟೇ. ಬಸ್ಸಿನ ಬೋರ್ಡು ಓದಿ ಮುಗಿಸುವುದರೊಳಗೆ ಬಸ್ಸು ಹೋಗಿರುತ್ತದೆ. ಹಾಗಾಗಿ ಚಿತ್ರವೆಂದರೆ ನನಗೆ ಇಷ್ಟ, ನಿಂತುಕೊಂಡು ಕಾಯುತ್ತದೆ. ಆದರೆ ಅದೂ ಸುಳ್ಳು ಹೇಳುತ್ತದೆ, ಕಣ್ಣರೆಪ್ಪೆ ಅಲುಗಿಸದೆ ಹೇಳುತ್ತದೆ ಎಂದು ಗೊತ್ತಾದದ್ದು ಈ ವರ್ಷ.

ನಮ್ಮದು ವಸಂತಪುರ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಪಾವನಾ ಹೆಂಗಸರ ಹಾಡುಗಳ ಮೇಲೆ ಏನೋ ದೊಡ್ಡ ಓದು ಓದುತ್ತಿದ್ದಾಳೆ. ಸುತ್ತಲಿನ ಹಳೆಯ ಊರುಗಳಿಗೆಲ್ಲ ಹೋಗಿ ಕೇಳಿಕೊಂಡು ಬಂದು ಕಂಪ್ಯೂಟರಿನಲ್ಲಿ ಊರುಗಳ ನಕ್ಷೆಗೆ ಬಣ್ಣ ತುಂಬುತ್ತಾಳೆ. ಹಾಡು ಹೆಚ್ಚಿದ್ದ ಕಡೆ ಗಾಢ, ಕಡಿಮೆ ಇದ್ದ ಕಡೆ ತೆಳು, ಇಲ್ಲದ ಕಡೆ ಬಿಳಿ. ಒಂದು ದಿನ ಕೆಳಗೆ ತಂದು ತೋರಿಸಿದಳು. ಸೋಬಾನೆಯ ಚಿತ್ರದಲ್ಲಿ ನಮ್ಮೂರು ಕುಂಕುಮ ಚೆಲ್ಲಿದ ಹಾಗಿತ್ತು. ಸಾವಿನ ಮನೆಯ ಹಾಡಿನ ಚಿತ್ರದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ.

ತಪ್ಪು ಅವಳದಲ್ಲ. ಅವಳು ಕೇಳಲು ಬಂದಾಗ ನಾನು, ನನ್ನ ಓರಗಿತ್ತಿ ಪುಟ್ಟಮ್ಮ ಇಬ್ಬರೂ ಅಂಥವೆಲ್ಲ ನಮ್ಮಲ್ಲಿಲ್ಲ ಎಂದಿದ್ದೆವು. ದೀಪ ಉರಿಯುವ ಮನೆಯಲ್ಲಿ ಕೂತು ಸಾವಿನ ಹಾಡು ಹಾಡುವುದಿರಲಿ, ಹೆಸರೆತ್ತುವುದೂ ಇಲ್ಲ. ಎತ್ತಿದರೆ ಸಾವು ಯಾರನ್ನೋ ಹುಡುಕಿಕೊಂಡು ಬರುತ್ತದಂತೆ. ನನ್ನ ವಯಸ್ಸಿಗೆ ಅದು ಹೆಚ್ಚು ದೂರ ಹುಡುಕಬೇಕಾಗಿಲ್ಲ. ನಮ್ಮ ಕಡೆಯ ಹೆಂಗಸರಾಗಿದ್ದರೆ ಇಲ್ಲ ಎಂದರೆ ಈಗಲ್ಲ ಎಂದು ತಿಳಿದು ಸುಮ್ಮನಾಗಿ, ಯಾರಾದರೂ ಹೋದ ದಿನ ಬಂದು ಕೇಳುತ್ತಿದ್ದರು.

ನನ್ನ ಅತ್ತೆ ಹಾಡಿಕೊಂಡು ಅಳುವುದರಲ್ಲಿ ಹೆಸರಾದವಳು. ಸಿದ್ದಾಪುರದಿಂದ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಅವಳ ಊರು ಬಿಳಿಯೇ? ಆ ಚಿತ್ರವನ್ನು ಭಾನುವಾರ ಜಯನಗರದ ಪ್ರದರ್ಶನದಲ್ಲಿ ಗೋಡೆಯಷ್ಟು ದೊಡ್ಡದು ಮಾಡಿ ತೂಗುಹಾಕುತ್ತಾರೆ ಎಂದು ಪಾವನಾ ಹೇಳಿದಾಗ ನನಗೆ ರೇಗಿತು. ಅದಕ್ಕಿಂತ ರೇಗಿಸಿದವಳು ಪುಟ್ಟಮ್ಮ. ಅತ್ತೆಯ ಹಾಡನ್ನು ಕಿವಿಯಾರೆ ಕೇಳಿದವಳು ಕನ್ನಡಕ ಏರಿಸಿ ಬಿಳಿಯನ್ನೇ ನೋಡಿ, "ಕಂಪ್ಯೂಟರಲ್ಲೇ ಇಲ್ಲ ಅಂತ ಬಂದಿದೆಯಲ್ಲಕ್ಕ, ಅತ್ತೆ ಸುಮ್ನೆ ಬೈಕೊಂಡು ಅಳ್ತಿದ್ರೇನೋ" ಎಂದಳು.

ಬಣ್ಣ ಹಾಕು ಎಂದು ಪಾವನಾಗೆ ಹೇಳಿದೆ. ಹಾಡು ಕೇಳದೆ ಹಾಕಲಾಗದು, ಒಬ್ಬರ ಬಾಯಿಮಾತಿಗೆ ಹಾಕಿದರೆ ಉಳಿದ ಬಣ್ಣವನ್ನೂ ಯಾರೂ ನಂಬುವುದಿಲ್ಲ ಎಂದಳು. ಹುಡುಗಿ ನೋಡಲು ಮೆತ್ತಗಿದ್ದಾಳೆ, ಬಗ್ಗುವುದಿಲ್ಲ. ನಾನೂ ಬಗ್ಗುವವಳಲ್ಲ. ಮನೆಯಲ್ಲಿ ತಾನೇ ಹಾಡಬಾರದು? ಹಿಂದಿನ ಖಾಲಿ ಸೈಟಿಗೆ ನಡೆದೆ. ಅವಳು ಫೋನು ಹಿಡಿದುಕೊಂಡು ಹಿಂದೆ ಬಂದಳು.

ಸತ್ತವರಿಲ್ಲದೆ ಆ ಹಾಡು ಏಳುವುದಿಲ್ಲ. ಅತ್ತೆಯನ್ನೇ ನೆನೆದೆ. ನಮ್ಮಿಬ್ಬರಿಗೂ ಆಗುತ್ತಿರಲಿಲ್ಲ, ಅಳು ಬರಲಿಲ್ಲ, ಸಿಟ್ಟು ಬಂತು. ಹಾಡಿಗೆ ಅದೂ ನಡೆಯುತ್ತದೆ. "ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ಎಲ್ಲಿಗೆ ಹೊರಟ್ಯೇ ನಮ್ಮತ್ತೆ" ಎಂದು ಎತ್ತಿದ್ದೇ ತಡ, ಎದುರು ಅಪಾರ್ಟ್‌ಮೆಂಟಿನ ಬಾಲ್ಕನಿಗಳೆಲ್ಲ ತುಂಬಿದವು. ವಾಚ್‌ಮನ್ ಓಡಿಬಂದು ಯಾರು ಹೋದದ್ದು ಎಂದು ಕೇಳಿದ. ಹೋಗಿ ಬಹಳ ವರ್ಷವಾಯಿತು, ನೀನು ಗೇಟು ನೋಡಿಕೋ ಎಂದೆ. ಅಷ್ಟರಲ್ಲಿ ಮುಂದಿನ ಸಾಲು ಮರೆತುಹೋಗಿ ಏನೋ ಒಂದು ಸೇರಿಸಿದೆ. ಕಾಂಪೌಂಡಿನ ಆಚೆಯಿಂದ ಪುಟ್ಟಮ್ಮ ಸರಿಯಾದ ಸಾಲು ಎತ್ತಿಕೊಂಡಳು. ಅಲ್ಲೇ ನಿಂತು ಕೇಳುತ್ತಿದ್ದಳಂತೆ, ಕಳ್ಳಿ. ನಾನು ತಪ್ಪು ಹಾಡಿದ್ದನ್ನು ತಡೆಯಲಾಗಲಿಲ್ಲವಂತೆ.

ಭಾನುವಾರ ನಾನೂ ಪುಟ್ಟಮ್ಮನೂ ಜಯನಗರಕ್ಕೆ ಹೋಗಿ ನೋಡಿದಾಗ ವಸಂತಪುರಕ್ಕೆ ಬಣ್ಣ ಬಂದಿತ್ತು. ಪಾವನಾ ಚಿತ್ರದ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: ಬಿಳಿ ಎಂದರೆ ಅಲ್ಲಿ ಹಾಡಿಲ್ಲವೆಂದಲ್ಲ, ನಮಗೆ ಯಾರೂ ಹೇಳಲಿಲ್ಲವೆಂದು. ನ್ಯಾಯವಾದ ಮಾತು ಎಂದೆ. ಉಳಿದ ಬಿಳಿ ಊರುಗಳಿಗೂ ಮತ್ತೆ ಹೋಗಿ ಹೆಂಗಸರನ್ನು ಬಯಲಿಗೆ ಕರೆದು ಕೇಳುತ್ತೇನೆ, ಮೊದಲು ಯಾವುದಕ್ಕೆ ಹೋಗಲಿ ಅಜ್ಜಿ ಎಂದಳು. ಪುಟ್ಟಮ್ಮನ ತವರೂರು ಬಿಳಿಯಾಗಿಯೇ ಇತ್ತು. ಅವಳು ಬಾಯಿ ತೆರೆಯುವ ಮೊದಲೇ ನಾನು ಅದರ ಮೇಲೆ ಬೆರಳಿಟ್ಟೆ.

"ಇದೊಂದು ಹಂಗೇ ಬಿಡಮ್ಮ. ಇದ್ರಲ್ಲಿ ಕಂಪ್ಯೂಟರು ಸರಿಯಾಗೇ ಹೇಳಿದೆ."