ಫ್ಯಾನಿಗೆ ಹೂ ಮುಡಿಸಿದ ಕಥೆ

ಹೂವಿನ ವಿಷಯದಲ್ಲಿ ನನಗೆ ಒಳ್ಳೆಯ ಅಭಿರುಚಿ ಇದೆ ಎಂದು ನಂಬಿದ್ದವರು ಇಡೀ ಪುಣೆಯಲ್ಲಿ ಒಬ್ಬರೇ. ಅವರು ನಾನೇ.

ನಾದಿನಿ ಶ್ರುತಿಗೆ ಗಂಡು ಗೊತ್ತಾಗಿತ್ತು. ಹುಡುಗ ಪ್ರಸನ್ನ. ಧಾರವಾಡದ ಮನೆತನ, ಸದಾಶಿವ ಪೇಠೆಯಲ್ಲಿ ವಾಸ. ಹೂ ಮುಡಿಸುವ ಶಾಸ್ತ್ರ ಖರಾಡಿಯ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ. ಹುಡುಗನ ತಾಯಿ ಬಂದು ಹುಡುಗಿಯ ಜಡೆಗೆ ಮಲ್ಲಿಗೆ ಮುಡಿಸಿದರೆ ಸಂಬಂಧ ಗಟ್ಟಿ. ಅದಕ್ಕೆ ಮೊದಲು ಬೆಕ್ಕು ಅಡ್ಡ ಬಂದರೂ ‘ಆಮೇಲೆ ತಿಳಿಸ್ತೀವಿ’ ಎಂದು ಎದ್ದು ಹೋಗುವ ಹಕ್ಕು ಅವರಿಗಿದೆ. ಈ ತಾಯಿ, ಇಂದಿರಾಬಾಯಿ, ಶಕುನ ಬಹಳ ನೋಡುವವರೆಂದು ಮೊದಲೇ ಸುದ್ದಿ ಬಂದಿತ್ತು. ಆದ್ದರಿಂದ ಹೆಂಡತಿ ಸುಮಾ ನನಗೆ ಒಂದೇ ಮಾತು ಹೇಳಿದ್ದಳು: “ರೀ, ಹೂವಿನ ಕೆಲಸ ಒಂದು ನಿಮ್ಮದು. ದಯವಿಟ್ಟು ಏನೂ ಹೊಸದು ಮಾಡ್ಬೇಡಿ.”

ಆದರೆ ಶ್ರುತಿಯ ಅಪ್ಪಣೆಯೇ ಬೇರೆ. “ಭಾವ, ಚೆಂಡುಹೂ ಮಾತ್ರ ಬೇಡ. ಆಯುಧಪೂಜೆ ಬಸ್ ಥರ ಕಾಣುತ್ತೆ. ಎಲ್ಲಾ ಪೇಸ್ಟಲ್ ಇರ್ಲಿ.” ಎಂದು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಮಾಸಿದ ಗುಲಾಬಿ, ಬೂದು ಎಲೆ, ಹತ್ತಿಯ ಚೂರಿನಂಥ ಬಿಳಿ ಹೂ. ಎಲ್ಲವೂ ಛಾವಣಿಯಿಂದ ತಲೆಕೆಳಗಾಗಿ ತೂಗುತ್ತಿದ್ದವು.

ಫೋಟೊ ಹಿಡಿದು ಹೂವಾಡಿಗ ದತ್ತೂ ಬಳಿಗೆ ಹೋದೆ. ಸೊಲ್ಲಾಪುರದ ಕಡೆಯ ಕನ್ನಡಿಗ, ಮಾತಿನ ಮಲ್ಲ.

“ಏನ್ ಕಾಲ ಬಂತ್ರಿ ಸಾಹೇಬ್ರ! ಮೊದಲೆಲ್ಲಾ ಗಿರಾಕಿ ಬಂದ್ರ ಮೂಗು ಮುಂದ ಮಾಡತಿದ್ರು. ಈಗ ಮೊಬೈಲ್ ಮುಂದ ಮಾಡತಾರ. ಈ ನೀಲಗಿರಿ ಎಲಿ ನೋಡ್ರಿ, ನಮ್ಮಜ್ಜಿ ನೆಗಡಿ ಆದ್ರ ಕುದಿಸ್ತಿದ್ಲು. ಈಗ ಮದವಿಗಿ ಕಟ್ಟತೀವಿ!” ಎಂದು ನಕ್ಕ. “ಚಿಂತಿ ಬ್ಯಾಡ್ರಿ. ಇದಕ್ಕ ಝುಂಬರ ಅಂತಾರ. ನಾ ವಿಡಿಯೋ ನೋಡಿ ಕಲತೀನಿ.”

ಬೆಳಿಗ್ಗೆ ಬಂದವನೇ ದೊಡ್ಡ ಬಿದಿರಿನ ಬಳೆಗೆ ನೀರು ಕುಡಿಸಿದ ಹಸಿರು ಸ್ಪಂಜಿನ ಇಟ್ಟಿಗೆಗಳನ್ನು ಬಿಗಿದ. ಅವಕ್ಕೆ ಹೂ ಚುಚ್ಚಿದ. ಎಲ್ಲ ಆದ ಮೇಲೆ ತಲೆಯೆತ್ತಿ ಕೇಳಿದ, “ಕೊಂಡಿ ಎಲ್ಲಿ ಅದ?”

ಕೊಂಡಿ ಇರಲಿಲ್ಲ. ಛಾವಣಿಗೆ ಮೊಳೆ ಹೊಡೆಯಲು ಮನೆ ಮಾಲೀಕರ ಅನುಮತಿಯೂ ಇರಲಿಲ್ಲ. ಆಗ ಈ ಇಂಜಿನಿಯರನ ಬುದ್ಧಿ ಬೆಳಗಿತು. ನಡುಮನೆಯ ಸೀಲಿಂಗ್ ಫ್ಯಾನು! ಮೂರು ರೆಕ್ಕೆ, ಮೂರು ದಾರ, ಸಮತೋಲನ. ದತ್ತೂ “ವಾಹ್!” ಎಂದ. ಸುಮಾ “ಅಯ್ಯೋ!” ಎಂದಳು. ಬಹುಮತ ನಮ್ಮದಾಗಿತ್ತು.

“ಯಾರಾದ್ರೂ ಫ್ಯಾನ್ ಹಾಕಿದ್ರೆ?” ಎಂದಳು ಸುಮಾ.

“ಸ್ವಿಚ್ಚಿನ ಕಾವಲು ನನ್ನದು. ನನ್ನನ್ನು ದಾಟಿ ಒಂದು ಬೆರಳು ಹೋಗಲ್ಲ” ಎಂದು ಘೋಷಿಸಿ, ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತೆ. ದತ್ತೂ ಮೊಬೈಲ್ ಹಿಡಿದು ಮೂಲೆಯಲ್ಲಿ ನಿಂತ.

ಬೀಗರು ಪ್ರಸನ್ನನನ್ನು ಕರೆದುಕೊಂಡು ಬಂದರು. ಇಂದಿರಾಬಾಯಿ ಝುಂಬರವನ್ನು ನೋಡಿ, “ಛಂದ ಅದ. ಆದ್ರ ಹೂವು ಯಾಕ ಬಾಡ್ಯಾವ?” ಎಂದರು. ಅದು ಬಾಡಿದ್ದಲ್ಲ, ಬಣ್ಣವೇ ಹಾಗೆ ಎಂದು ಶ್ರುತಿ ವಿವರಿಸಿದಳು. ಅವರು ತಮ್ಮ ಕೈಯಲ್ಲಿದ್ದ ಮಲ್ಲಿಗೆ ದಂಡೆಯನ್ನು ಇನ್ನಷ್ಟು ಭದ್ರವಾಗಿ ಹಿಡಿದುಕೊಂಡರು. ಹುಡುಗನ ತಂದೆ ಭೀಮರಾಯರು ಸೋಫಾದಲ್ಲಿ ಕೂತು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, ಲೋಕದ ಅತ್ಯಂತ ಸಾಧಾರಣ ಮಾತೊಂದನ್ನು ಆಡಿದರು.

“ಭಾಳ ಸೆಕಿ ಅದರೀ. ಸ್ವಲ್ಪ ಫ್ಯಾನ್ ಹಚ್ಚರಿ.”

ಬೀಗರು ಬಾಯಿಬಿಟ್ಟು ಕೇಳಿದ ಮೊದಲ ಉಪಚಾರ! ಅದೂ ಸ್ವಿಚ್ಚು ನನ್ನ ಬೆನ್ನ ಹಿಂದೆಯೇ ಇದೆ! “ಅಯ್ಯೋ, ಈಗಲೇ ಹಾಕ್ತೀನಿ” ಎಂದು ಥಟ್ಟನೆ ತಿರುಗಿ ಒತ್ತಿದೆ. ಅತಿಥಿಗಳಿಗೆ ಕಡಿಮೆ ಗಾಳಿ ಕೊಡುವುದು ಮರ್ಯಾದೆಯಲ್ಲವೆಂದು ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿದೆ.

ಮೊದಲು ಝುಂಬರ ಗಂಭೀರವಾಗಿ, ರಥದಂತೆ ಅಲುಗಿತು. ನನಗೆ ಒಂದು ಕ್ಷಣ ಹೆಮ್ಮೆಯೂ ಆಯಿತು. ಆಮೇಲೆ ಎಲ್ಲರ ಮುಖದ ಮೇಲೂ ನೀರಿನ ತುಂತುರು. ಆಮೇಲೆ ಗುಲಾಬಿ. ಆಮೇಲೆ ಇಟ್ಟಿಗೆ!

“ರೀ, ಆಫ್ ಮಾಡ್ರೀ!” ಎಂದು ಸುಮಾ ಕಿರುಚಿದಳು. ಕೈಗೆ ಸಿಕ್ಕಿದ್ದೆಲ್ಲ ಒತ್ತಿದೆ. ಟ್ಯೂಬ್‌ಲೈಟು ಆರಿತು. ಬಾಲ್ಕನಿಯ ದೀಪ ಹತ್ತಿತು. ಫ್ಯಾನು ಮಾತ್ರ ಕರ್ತವ್ಯನಿಷ್ಠೆ ಬಿಡಲಿಲ್ಲ. ಅಷ್ಟರಲ್ಲಿ ದಾರ ಕಡಿದು, ಬಿದಿರಿನ ಬಳೆ ಗುಂಯ್ ಎಂದು ಹಾರಿ, ಸೋಫಾದ ಹಿಂದಿನ ಗೋಡೆಗೆ ಬಡಿಯಿತು. ಅಲ್ಲಿ ಒಂದು ಉಸಿರಿನಷ್ಟು ಮೊದಲು ಭೀಮರಾಯರ ತಲೆ ಇತ್ತು! ಅವರು ಮುಂದಿದ್ದ ತಟ್ಟೆಯ ಚಕ್ಕುಲಿಗೆ ಬಗ್ಗಿದ್ದರು. ಇಂದಿಗೂ ಕಣ್ಣು ಮುಚ್ಚಿದರೆ ಆ ಬಳೆ ಹಾರುತ್ತದೆ. ಒಮ್ಮೊಮ್ಮೆ ಕನಸಿನಲ್ಲಿ ಅವರಿಗೆ ಹಸಿವೇ ಇರುವುದಿಲ್ಲ. ಬೆವತು ಎದ್ದು ಕೂರುತ್ತೇನೆ.

ಕೊನೆಗೆ ಸರಿಯಾದ ಸ್ವಿಚ್ಚು ಸಿಕ್ಕಿತು. ಫ್ಯಾನು ನಿಂತಿತು. ಮೂಲೆಯಿಂದ ದತ್ತೂನ ದನಿ: “ಸಾಹೇಬ್ರ, ಇನ್ನೊಮ್ಮೆ ಹಚ್ಚರಿ. ವಿಡಿಯೋ ಸರಿ ಬರಲಿಲ್ಲ!”

ಇಂದಿರಾಬಾಯಿ ಎದ್ದು ನಿಂತರು. ಕೂದಲ ತುಂಬ ಬಿಳಿ ಹೂವಿನ ಪುಡಿ. ಸಂಬಂಧ ಮುಗಿಯಿತು ಎಂದುಕೊಂಡೆ.

“ಹುಡುಗಿ ಎಲ್ಲಿ?” ಎಂದರು.

“ಟೇಬಲ್ ಕೆಳಗ ಇದ್ದಾಳಮ್ಮ” ಎಂದ ಪ್ರಸನ್ನ. ದನಿಯೂ ಊಟದ ಟೇಬಲ್ಲಿನ ಕೆಳಗಿನಿಂದಲೇ ಬಂತು.

“ನೀ ಯಾಕ ಅಲ್ಲಿ ಹೊಕ್ಕೀ?”

“ಇಟ್ಟಿಗಿ ಬಂತಲ್ಲ, ಆಕಿನ್ನ ಎಳಕೊಂಡು...”

“ಹೆತ್ತಾಕಿ ಇಲ್ಲೇ ಕೂತಿದ್ನಲ್ಲೋ. ನಾ ಕಾಣಲಿಲ್ಲೇನು?”

ಸುಮಾ ನನ್ನತ್ತ ನೋಡಿದ ನೋಟದಲ್ಲಿ ನನ್ನ ಮುಂದಿನ ಜನ್ಮಗಳ ಲೆಕ್ಕವೂ ಇತ್ತು. ಅಷ್ಟರಲ್ಲಿ ಇಂದಿರಾಬಾಯಿ ಗಂಡನ ಕಡೆ ತಿರುಗಿದರು. “ನೋಡ್ರಿ, ಇವತ್ತಿನ ತನಕ ನೀವು ನನ್ನನ್ನ ಮಳಿಯಾಗ ಛತ್ರಿ ಕೆಳಗೂ ಎಳಕೊಂಡಿಲ್ಲ!”

ಭೀಮರಾಯರು ಚಕ್ಕುಲಿ ಕಡಿಯುವುದನ್ನು ನಿಲ್ಲಿಸಿದರು. ಇಂದಿರಾಬಾಯಿ ನಗುತ್ತಾ ಟೇಬಲ್ಲಿನ ಮುಂದೆ ಮೊಣಕಾಲೂರಿ ಕೂತರು. “ಶ್ರುತಿ, ಹೊರಗ ಬರಬ್ಯಾಡವಾ. ಮ್ಯಾಲೆ ಫ್ಯಾನಿನ ದಾರಕ್ಕ ಇನ್ನೂ ಒಂದು ಇಟ್ಟಿಗಿ ಜೋತಾಡ್ಲಿಕ್ಕತ್ತದ. ಅಲ್ಲೇ ತಲಿ ತಿರುಗಿಸು” ಎಂದು, ದಂಡೆಯನ್ನು ಅವಳ ಜಡೆಗೆ ಮುಡಿಸಿದರು. ಮನೆ ತುಂಬ ಬಿದ್ದಿದ್ದ ಅಷ್ಟೂ ಹೂವಿನಲ್ಲಿ ಪರಿಮಳ ಬಂದದ್ದು ಅದೊಂದರಿಂದಲೇ.

ಹೊರಡುವಾಗ ಅವರು ಸುಮಾಳ ಕೈ ಹಿಡಿದು ಮೆತ್ತಗೆ ಹೇಳಿದರು, “ಲಗ್ನದಾಗ ಹೂವಿನ ಕೆಲಸ ನಾವ ನೋಡ್ಕೋತೀವಿ. ನಿಮ್ಮ ಯಜಮಾನ್ರು ಸುಮ್ಮನ ಉಣ್ಲಿಕ್ಕೆ ಬರ್ಲಿ. ಬಡಿಸ್ಲಿಕ್ಕೂ ಬ್ಯಾಡ.”

ಸುಮಾ ನನ್ನ ಪರವಾಗಿ ಒಂದು ಮಾತಾಡುತ್ತಾಳೆಂದು ಕಾದೆ.

“ಬಡಿಸೋಕೆ ನಾವೂ ಬಿಡಲ್ಲಮ್ಮ” ಎಂದಳು. “ಸಾರು ಬಿಸಿ ಇರುತ್ತೆ.”