ಇದಕ್ಕಿಂತ ಸ್ವಲ್ಪ ಕೆಟ್ಟ ಹೆಡ್‌ಫೋನ್ ಕೊಡ್ರಿ

ಪುಣೆ ಕ್ಯಾಂಪಿನಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಹೆಡ್‌ಫೋನು, ಆಂಪ್ಲಿಫೈಯರು, ಸ್ಪೀಕರು, ಅವಕ್ಕೆ ಬೇಕಾದ ವಯರು. ಜಮಖಂಡಿಯಿಂದ ಬಂದು ಇಪ್ಪತ್ತು ವರ್ಷದಿಂದ ಇದೇ ಕೌಂಟರಿನ ಹಿಂದೆ ಕೂತಿದ್ದೇನೆ. ಬರುವವರೆಲ್ಲ ಕೇಳುವುದು ಒಂದೇ ಮಾತು: "ಕಡಿಮಿ ರೊಕ್ಕದಾಗ ಛಲೋದು ಯಾವುದ್ರಿ?" ಉತ್ತರ ಹೇಳುವುದು ಕಷ್ಟವಲ್ಲ. ಹೇಳಿದ ಮೇಲೆ ಏನಾಗುತ್ತದೆ ಅನ್ನುವುದು ಮಾತ್ರ ಇವತ್ತಿಗೂ ನನ್ನ ಕೈಯಲ್ಲಿಲ್ಲ.

ತೂತು ಒಂದು

ನಿವೃತ್ತ ಶಾಲಾ ಶಿಕ್ಷಕಿ, ಅಪ್ಪಟ ಪುಣೇಕರ ಅಜ್ಜಿ. ಮಗಳು ಕೊಡಿಸಿದ ಹೊಸ ಫೋನು ಒಂದು ಕೈಯಲ್ಲಿ, ವಯರಿನ ಹಳೇ ಇಯರ್‌ಫೋನು ಇನ್ನೊಂದು ಕೈಯಲ್ಲಿ. ಫೋನನ್ನು ನಾಲ್ಕೂ ಕಡೆ ತಿರುಗಿಸಿ ತೋರಿಸಿ, "ಭೋಕ್ ಕುಠೆ ಆಹೆ?" ಎಂದರು. ಇಯರ್‌ಫೋನ್ ಚುಚ್ಚುವ ತೂತು ಎಲ್ಲಿ ಅಂತ.

ಈಗಿನ ಎಷ್ಟೋ ಫೋನುಗಳಿಗೆ ಆ ತೂತೇ ಇರುವುದಿಲ್ಲ ಎಂದು ನನಗೆ ಬಂದಷ್ಟು ನಯವಾದ ಮರಾಠಿಯಲ್ಲಿ ಹೇಳಿದೆ. ಹೊಸ ಇಯರ್‌ಫೋನ್ ಬೇಡವೆಂದರೆ ಚಾರ್ಜರ್ ಸಿಕ್ಕಿಸುವ ಜಾಗಕ್ಕೆ ಹಾಕುವ ಬೆರಳುದ್ದದ ವಯರು ಬರುತ್ತದೆ, ಅದರ ತುದಿಗೆ ಹಳೇ ತೂತು ಇರುತ್ತದೆ ಎಂದು ಒಂದನ್ನು ತೆಗೆದು ಮುಂದಿಟ್ಟೆ.

ಅಜ್ಜಿ ಕನ್ನಡಕ ಮೇಲೇರಿಸಿದರು. "ಅಂದರೆ ಮೊದಲು ಫೋನಿನ ಜೊತೆ ತೂತು ಬರುತ್ತಿತ್ತು. ಈಗ ತೂತನ್ನು ಬೇರೆ ಮಾರುತ್ತೀರಿ."

"ಹೌದು ಆಜಿ."

"ನಾಳೆ ಹೋಟೆಲಿನವನು ವಡೆಗೊಂದು, ವಡೆಯ ತೂತಿಗೊಂದು ಬಿಲ್ ಮಾಡಿದರೆ ನೀವು ಕೊಡುತ್ತೀರಾ?"

ಅಜ್ಜಿ ಬೈಯುತ್ತಲೇ ಅದನ್ನು ಕೊಂಡುಕೊಂಡರು. ಆದರೆ ರಸೀದಿಯಲ್ಲಿ 'ಅಡಾಪ್ಟರ್' ಎಂದು ಬರೆಯಲು ಬಿಡಲಿಲ್ಲ. 'ತೂತು, ಒಂದು' ಎಂದು ಬರೆಸಿಕೊಂಡೇ ಹೋದರು.

ಕಾದ ಕಿವಿ

ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಡೆಯ ಒಬ್ಬ ನಿವೃತ್ತ ಹೆಡ್ ಕ್ಲರ್ಕ್ ಇದ್ದಾರೆ. ಹಿಂದುಸ್ತಾನಿ ಸಂಗೀತ ಅಂದರೆ ಪ್ರಾಣ. ಯಾರೋ ಅವರ ತಲೆಯಲ್ಲಿ ಎಂಪಿ‌ತ್ರೀ ಅಂದರೆ ಹಿಂಡಿದ ಕಬ್ಬಿನ ಸಿಪ್ಪೆ, ಏನನ್ನೂ ಹಿಂಡದ ಫ್ಲ್ಯಾಕ್ ಫೈಲು ಅಂದರೆ ಇಡೀ ಕಬ್ಬು ಎಂದು ತುಂಬಿಬಿಟ್ಟಿದ್ದರು. ಇದ್ದಬದ್ದ ಹಾಡುಗಳನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಸಲು ಹೊರಟಿದ್ದರು.

"ಅಷ್ಟು ಫರಕ್ ನಿಮಗ ಗೊತ್ತಾಗ್ತದೇನ್ರಿ?" ಎಂದು ಕೇಳಿದ್ದೇ ತಪ್ಪಾಯಿತು. "ನಲವತ್ತು ವರ್ಷ ಕೇಳಿದ ಕಿವಿ ಇದು! ಕಣ್ಣು ಮುಚ್ಚತೀನಿ, ಎರಡೂ ಹಚ್ಚು" ಎಂದು ಅಂಗಡಿಯ ಹೊಸ ಹೆಡ್‌ಫೋನ್ ಏರಿಸಿಕೊಂಡು ಕೂತರು.

ಮೊದಲನೆಯದನ್ನು ಹಚ್ಚಿದೆ. ಮುಖ ಕಿವುಚಿದರು. "ಸಿಪ್ಪಿ. ತಂಬೂರಿ ಎಲ್ಲೋ ಪಕ್ಕದ ಮನ್ಯಾಗ ಬಾರಿಸಿದಂಗ ಅದ." ಎರಡನೆಯದನ್ನು ಹಚ್ಚಿದೆ. ಮುಖ ಅರಳಿತು, ತಲೆ ತೂಗಿತು, ಕೈ ತಾಳ ಹಾಕಿತು. "ಆಹಾ! ತಂತಿ ಒಂದೊಂದೂ ಬ್ಯಾರೆ! ಹಾಡೋರು ಉಗುಳು ನುಂಗಿದ್ದು ಸುದ್ದಾ ಕೇಳ್ತು ನೋಡು!"

ಆಗ ಕಂಪ್ಯೂಟರಿನ ಕಡೆ ನೋಡಿದೆ. ನಾನು ಒತ್ತಿದ್ದು ಸರಿಯಾಗಿ ಬಿದ್ದಿರಲಿಲ್ಲ. ಎರಡು ಸಲವೂ ಓಡಿದ್ದು ಅದೇ ಎಂಪಿತ್ರೀ. ಮುಚ್ಚಿಡಲು ಮನಸ್ಸು ಬಾರದೆ, ಹೆದರುತ್ತಲೇ ಹೇಳಿದೆ.

ಅವರು ಹೆಡ್‌ಫೋನ್ ತೆಗೆದು ತಿರುಗಿಸಿ ನೋಡಿದರು. "ಹೊಸ ಹೆಡ್‌ಫೋನ್ ಮೊದಲು ತವಾ ಕಾದಂಗ ಕಾಯಬೇಕು, ಆಮ್ಯಾಲ ಆವಾಜ ಬಿಡ್ತದ ಅಂತಾರಲ್ಲ?"

"ಕೆಲವರು ಅಂತಾರ್ರಿ."

"ಹಂಗ ಮೊದಲನೇ ಸಲಕ್ಕ ನನ್ನ ಕಿವಿ ಕಾದಿದ್ದಿಲ್ಲ."

ಲೋಣಾವಳಾದ ಚಿಕ್ಕಿ

ವಿಜಯಪುರದ ಕಡೆಯ ಒಬ್ಬ ಅಕೌಂಟೆಂಟರು ದಿನಾ ಲೋಕಲ್ ರೈಲಿನಲ್ಲಿ ತಳೇಗಾಂವಿನ ಕಾರ್ಖಾನೆಗೆ ಹೋಗುತ್ತಾರೆ. ರೈಲಿನ ಗದ್ದಲ ತಡೆಯಲಾಗುವುದಿಲ್ಲ, ಹೊರಗಿನ ಸದ್ದು ಅಡಗಿಸುವ ಹೆಡ್‌ಫೋನ್ ಬೇಕು, ಆದರೆ ಕೈಗೆಟುಕುವಂಥದ್ದು ಎಂದರು. ಹತ್ತು ತೋರಿಸಿ, ಹುಡುಕಿ ಹುಡುಕಿ ಒಂದು ಕೊಟ್ಟೆ. ಬೆಲೆಗೆ ಮೀರಿದ ಮಾಲು ಎಂದು ನನಗೇ ಹೆಮ್ಮೆ.

ಎಂಟೇ ದಿನಕ್ಕೆ ಡಬ್ಬಿ ಸಮೇತ ಬಂದರು. ಇನ್ನೊಂದು ಕೈಯಲ್ಲಿ ದೊಡ್ಡದೊಂದು ಚೀಲ.

"ಕೆಟ್ಟತೇನ್ರಿ?"

"ಏನೂ ಕೆಟ್ಟಿಲ್ಲ. ಭಾಳ ಛಲೋ ಅದ. ಅದಕ್ಕ ವಾಪಸ್ ತಗೋರಿ."

ಹಾಕಿಕೊಂಡರೆ ರೈಲೇ ಮಾಯವಾಗುತ್ತಿತ್ತಂತೆ. ಸ್ಟೇಷನ್ ಹೆಸರು ಕೂಗುವುದು, ಜನ ಇಳಿಯುವ ನೂಕುನುಗ್ಗಲು, ಯಾವುದೂ ಇಲ್ಲ. ಹಾಡು ಮುಗಿದು ಕಣ್ಣು ಬಿಟ್ಟರೆ ತಳೇಗಾಂವ್ ಎಂದೋ ದಾಟಿ, ರೈಲಿನ ಕೊನೆಯ ನಿಲ್ದಾಣ ಲೋಣಾವಳಾ. ಬರಿಗೈಯಲ್ಲಿ ಹೋದರೆ ಮನೆಯಲ್ಲಿ ಬೈಸಿಕೊಳ್ಳಬೇಕಾದೀತೆಂದು ಅಲ್ಲಿಯ ಹೆಸರಾಂತ ಚಿಕ್ಕಿ ಒಂದು ಪೊಟ್ಟಣ ತಂದರು. ಮರುದಿನವೂ ಲೋಣಾವಳಾ. ಅದರ ಮರುದಿನವೂ. ಶೇಂಗಾ ಚಿಕ್ಕಿ, ಎಳ್ಳಿನ ಚಿಕ್ಕಿ, ಗೋಡಂಬಿ ಚಿಕ್ಕಿ.

"ಆಫೀಸಿನಾಗ ಸಾಹೇಬರಿಗೆ ಕೊಟ್ಟೆ, ಸುಮ್ಮನಾದರು. ಮನ್ಯಾಕಿ ಮಾತ್ರ ಇನ್ನೊಂದು ಪೊಟ್ಟಣ ತಂದ್ರ ಬಾಗಲಾ ತಗಿಯಂಗಿಲ್ಲ ಅಂದಾಳ. ಇದಕ್ಕಿಂತ ಸ್ವಲ್ಪ ಕೆಟ್ಟದ್ದು ಇದ್ರ ಕೊಡ್ರಿ."

ಇಪ್ಪತ್ತು ವರ್ಷದಲ್ಲಿ ಕೆಟ್ಟ ಮಾಲು ಕೇಳಿಕೊಂಡು ಬಂದ ಗಿರಾಕಿ ಅವರೊಬ್ಬರೇ. ಅಂಗಡಿ ತುಂಬ ಹುಡುಕಿದೆ. ಕೆಟ್ಟದ್ದು ಇಲ್ಲ ಎನ್ನುವಂತಿಲ್ಲ, ಇದೆ ಎಂದು ಒಪ್ಪಿಕೊಳ್ಳುವಂತೆಯೂ ಇಲ್ಲ. ಕೊನೆಗೆ ಬಲಗಿವಿಗೆ ಮಾತ್ರ ಹಾಕುವ ಒಂಟಿ ಇಯರ್‌ಫೋನ್ ಕೊಟ್ಟು ಕಳಿಸಿದೆ. ಎಡಗಿವಿ ತಳೇಗಾಂವಿಗೆ ಮೀಸಲು. ಆ ಚೀಲದ ಚಿಕ್ಕಿಯನ್ನು ನನಗೇ ಬಿಟ್ಟು ಹೋದರು.

ಸಿಂಬಿಯ ಮೇಲೆ ಆಂಪ್ಲಿಫೈಯರ್

ಕಲಬುರಗಿ ಕಡೆಯ ಒಬ್ಬ ಗೌಂಡಿ ಮೇಸ್ತ್ರಿ ತನ್ನ ತಾಯಿಯನ್ನು ಕರೆದುಕೊಂಡು ಬಂದಿದ್ದ. ಅವರಿರುವ ಕೂಲಿಕಾರರ ವಸತಿಯ ಭಜನಾ ಮೇಳದ ಹಳೇ ಆಂಪ್ಲಿಫೈಯರ್ ಸುಟ್ಟಿತ್ತು. ಎಲ್ಲರೂ ಕೂಡಿ ಪಟ್ಟಿ ಹಾಕಿ ರೊಕ್ಕ ಕೂಡಿಸಿದ್ದಾರೆ, ಮೋಸ ಹೋದರೆ ವಸತಿಯಲ್ಲಿ ಮುಖ ತೋರಿಸುವಂತಿಲ್ಲ. ಮೇಸ್ತ್ರಿಯ ಕಣ್ಣು ಮಾತ್ರ ಐದು ಸಾವಿರ ವ್ಯಾಟ್ ಎಂದು ದೊಡ್ಡದಾಗಿ ಬರೆದಿದ್ದ, ಲೈಟು ಮಿಣುಕುವ ಡಬ್ಬಿಯ ಮೇಲೆಯೇ. ಆ ಅಂಕಿ ಬರೀ ತೋರಿಕೆ ಎಂದು ನಾನು ಹೇಳಿದರೆ, ದುಬಾರಿ ಮಾಲು ತಗಲಿಸಲು ನೋಡುತ್ತಿದ್ದೇನೆ ಎಂದುಕೊಂಡ.

"ತಾ ಇಲ್ಲಿ" ಎಂದಳು ಮುದುಕಿ. ಸೆರಗಿನ ತುದಿ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು. ಸಿಂಬಿಯ ಮೇಲೆ ಆ ಮಿಣುಕು ಡಬ್ಬಿ ಇಟ್ಟುಕೊಂಡು ಕೌಂಟರಿನಿಂದ ಬಾಗಿಲಿನವರೆಗೆ ಹೋಗಿ ಬಂದಳು. ಕೈ ಕೂಡ ಹಿಡಿಯಲಿಲ್ಲ.

"ಇದರಾಗ ಏನೂ ಇಲ್ಲಪ್ಪ. ಖಾಲಿ ಡಬ್ಬಿ."

ಆಮೇಲೆ ನಾನು ಹೇಳಿದ್ದ ಆಂಪ್ಲಿಫೈಯರನ್ನು ಹೊತ್ತಳು. ಹೆಜ್ಜೆ ನಿಧಾನವಾಯಿತು. "ಹಾಂ, ಇದರಾಗ ಮಾಲ್ ಅದ."

ನಿಜಕ್ಕೂ ಅಲ್ಲೇ ಇತ್ತು ಗುಟ್ಟು. ಅಂಥ ಆಂಪ್ಲಿಫೈಯರಿನ ಶಕ್ತಿಯೆಲ್ಲ ಒಳಗಿನ ತಾಮ್ರ-ಕಬ್ಬಿಣದ ಟ್ರಾನ್ಸ್‌ಫಾರ್ಮರಿನಲ್ಲಿ ಇರುತ್ತದೆ. ಮೂವತ್ತು ವರ್ಷ ಸಿಮೆಂಟ್ ಬುಟ್ಟಿ ಹೊತ್ತವಳಿಗೆ ಅದು ನಾಲ್ಕು ಹೆಜ್ಜೆಯಲ್ಲಿ ತಿಳಿಯಿತು. ಮೇಸ್ತ್ರಿ ಅದನ್ನೇ ತೆಗೆದುಕೊಂಡ.

ಅಷ್ಟು ಹೊತ್ತೂ ಮೂಲೆಯಲ್ಲಿ ಒಬ್ಬ ಬೆಂಗಳೂರಿನ ಐಟಿ ಹುಡುಗ ಮೊಬೈಲಿನಲ್ಲಿ ಆಂಪ್ಲಿಫೈಯರುಗಳ ಪಟ್ಟಿ ಹೋಲಿಸುತ್ತ ನಿಂತಿದ್ದ. ಮೊಬೈಲನ್ನು ಜೇಬಿಗೆ ಹಾಕಿ ನನ್ನ ಹತ್ತಿರ ಬಂದ.

"ಅಂಕಲ್, ಎರಡು ತಿಂಗಳಿಂದ ರಿವ್ಯೂ ನೋಡ್ತಾ ಇದೀನಿ, ಇಷ್ಟು ಕ್ಲಿಯರ್ ಆಗಿ ಯಾರೂ ಹೇಳಿರ್ಲಿಲ್ಲ. ಅಜ್ಜಿ ತಗೊಂಡಿದ್ದೇ ನಂಗೂ ಒಂದು ಕೊಡಿ."

ಸ್ವಚ್ಛ ಆವಾಜ

ಊರಿಗೆಲ್ಲ ಬುದ್ಧಿ ಹೇಳುವ ನನ್ನ ಮನೆಯಲ್ಲೇ ಆದದ್ದು ಇದು.

ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಸೋಲಾಪುರದಿಂದ ಅವನ ತಂದೆ-ತಾಯಿ ಮಾತುಕತೆಗೆ ಅಂತ ಕಾತ್ರಜದ ನಮ್ಮ ಮನೆಗೆ ಬರುವವರಿದ್ದರು. ಬೆಳಿಗ್ಗೆಯೇ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಅಪ್ಪಾ, ಕೈ ಮುಗಿತೀನಿ, ಆಂಪ್ಲಿಫೈಯರ್ ಮಾತು ತಗೀಬ್ಯಾಡ."

ನಾನು ತೆಗೆಯಲಿಲ್ಲ. ತೆಗೆದವರು ಹುಡುಗನ ತಂದೆ. ಬಂದಾಗಿನಿಂದ ಒಂದೇ ಸಮನೆ ಮಾತಾಡುತ್ತ, ಒಂದು ತಾಟು ಅವಲಕ್ಕಿ ಚೂಡಾ ಮುಗಿಸಿ, ಆಂಪ್ಲಿಫೈಯರ್ ಕಡೆ ಕೈ ಮಾಡಿ "ಇದೇನ್ರಿ, ಭಾರೀ ಮಷಿನ್?" ಎಂದರು. ಅವರ ಹೆಂಡತಿ ಮಾತ್ರ ಒಂದು ಮಾತೂ ಆಡದೆ ಗಂಭೀರವಾಗಿ ಕೂತಿದ್ದರು. ಇವರಿಗೆ ಒಪ್ಪಿಗೆ ಇಲ್ಲವೇನೋ ಎಂದು ನನಗೆ ಗಾಬರಿಯಾಯಿತು. ಆ ಗಾಬರಿಯಲ್ಲೇ ಎದ್ದು ಆಂಪ್ಲಿಫೈಯರ್ ಚಾಲೂ ಮಾಡಿ, ಬ್ಲೂಟೂತ್ ಒತ್ತಿ, ಸೋಫಾದಲ್ಲಿ ಅವರ ಪಕ್ಕಕ್ಕೆ ಬಂದು ಕೂತೆ.

ನನ್ನ ಫೋನು ಜೋಡಿಸುವುದರೊಳಗೆ ನನ್ನ ಹೆಂಡತಿಯ ಫೋನು ತಾನೇ ಕೂಡಿಕೊಂಡಿತ್ತು. ದಿನಾ ಬೆಳಿಗ್ಗೆ ಅವಳು ಅದರಲ್ಲೇ ಭಕ್ತಿಗೀತೆ ಹಚ್ಚುತ್ತಾಳೆ. ಈಗ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಹೊಗೆ ಎಳೆಯುವ ಫ್ಯಾನ್ ಹಚ್ಚಿ, ಬಜಿ ಕರಿಯುತ್ತಿದ್ದಳು. ಬಾಗಲಕೋಟೆಯಿಂದ ಅವಳ ಅಕ್ಕ ವಾಟ್ಸಾಪಿನಲ್ಲಿ ಮಾತು ತುಂಬಿ ಕಳಿಸಿದ್ದರು. ಅದನ್ನು ಒತ್ತಿದಳು.

ಹಾಲಿನಲ್ಲಿ ಎರಡು ದೊಡ್ಡ ಸ್ಪೀಕರುಗಳಿಂದ ಅಕ್ಕ ಗುಡುಗಿದರು. "ಬಂದ್ರೇನ? ಸೋಲಾಪುರದಾಗ ವಿಚಾರಿಸೀನಿ, ಹುಡುಗ ಬಂಗಾರ, ಅವನ ಅವ್ವನೂ ಛಲೋ ಹೆಣ್ಣುಮಗಳು. ಅಪ್ಪ ಒಬ್ಬ ಅದಾನ ನೋಡು, ಮಾತಿಗೆ ಕುಂತ್ರ ಏಳಂಗಿಲ್ಲ, ಕೊಟ್ಟಿದ್ದು ತಿಂತಾನ, ಹೇಳಿದ್ದು ಕೇಳಂಗಿಲ್ಲ. ನಿನ್ನ ಗಂಡನೂ ಹಂಗ ಅದಾನಲ್ಲ, ಇಬ್ಬರನ್ನೂ ಒಂದ ಸೋಫಾದಾಗ ಕುಂಡ್ರಸಿಬಿಡು, ಪೀಡಾ ಹೋಗ್ಲಿ!"

ಮಗಳು ಮುಖ ಮುಚ್ಚಿಕೊಂಡಳು. ಹುಡುಗ ಚಾವಣಿ ನೋಡಿದ. ಒಂದೇ ಸೋಫಾದಲ್ಲಿ ಕೂತ ನಾವಿಬ್ಬರೂ ಒಂದೊಂದು ತುದಿಗೆ ಸರಿದೆವು. ಹುಡುಗನ ತಂದೆ ಸ್ಪೀಕರಿನ ಕಡೆ ನೋಡಿದರು. "ಆವಾಜ ಮಾತ್ರ ಭಾಳ ಸ್ವಚ್ಛ ಅದ್ರಿ."

ನಾನು ಆಂಪ್ಲಿಫೈಯರ್ ಕಡೆ ಓಡಿದೆ. ಅಷ್ಟರಲ್ಲಿ ಒಳಗೆ ಫೋನಿನಿಂದ ಏನೂ ಕೇಳಿಸಲಿಲ್ಲವೆಂದು ಹೆಂಡತಿ ಆವಾಜ ಪೂರ್ತಿ ಏರಿಸಿ ಮತ್ತೆ ಒತ್ತಿದ್ದಳು. "ಬಂದ್ರೇನ?" ಎಂದು ಕಿಟಕಿಯ ಗಾಜು ನಡುಗಿತು. ನಾನು ಗಡಿಬಿಡಿಯಲ್ಲಿ ಬೇರೆ ಗುಂಡಿ ತಿರುಗಿಸಿದ್ದಕ್ಕೆ ಅಕ್ಕನ ದನಿಗೆ ಬೇಸ್ ಹೆಚ್ಚಾಯಿತೇ ಹೊರತು ದನಿ ಬಂದ್ ಆಗಲಿಲ್ಲ. "ಪೀಡಾ ಹೋಗ್ಲಿ" ಅನ್ನುವವರೆಗೂ ಎಲ್ಲರೂ ಎರಡನೇ ಸಲ ಕೇಳಿದೆವು.

ಅಡುಗೆಮನೆಯ ಬಾಗಿಲು ತೆರೆಯಿತು. ಕೈಯಲ್ಲಿ ಬಜಿ ಎತ್ತುವ ಝಾರಿ ಹಿಡಿದು, ಮುಖ ಊರಗಲ ಮಾಡಿಕೊಂಡು ಹೆಂಡತಿ ಓಡಿಬಂದಳು. "ಅಕ್ಕನ ದನಿ ಕೇಳ್ತು! ಅಕ್ಕ ಬಂದಳೇನ್ರಿ?"

ಆಗ ಹುಡುಗನ ತಾಯಿ ಮೊದಲ ಸಲ ಬಾಯಿ ತೆರೆದರು. ನಗು ತಡೆದೂ ತಡೆದೂ ಅವರ ಕಣ್ಣಲ್ಲಿ ನೀರು ಬಂದಿತ್ತು.

"ಇನ್ನೂ ಬಂದಿಲ್ರಿ. ಮೊದಲು ಅವರ ನಂಬರ್ ಕೊಡ್ರಿ. ಸಂಬಂಧ ನಮಗ ಒಪ್ಪಿಗಿ ಅದ."

ಮದುವೆ ಸುಸೂತ್ರವಾಗಿ ಆಯಿತು. ಅದಾಗಿ ತಿಂಗಳಿಗೆ ಬೀಗರು ಒಬ್ಬರೇ ಅಂಗಡಿಗೆ ಬಂದರು. ನಮ್ಮ ಮನೆಯಲ್ಲಿದ್ದಂಥದ್ದೇ ಆಂಪ್ಲಿಫೈಯರ್ ಬೇಕೆಂದರು. ತೆಗೆದು ಮುಂದಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ ದನಿ ತಗ್ಗಿಸಿದರು.

"ಎಲ್ಲಾ ಹಿಂಗ ಇರಲಿ, ಬ್ಲೂಟೂತ್ ಒಂದು ಬ್ಯಾಡ್ರಿ. ನಿಮ್ಮ ಮನಿಯವರ ಅಕ್ಕ ಈಗ ನಮ್ಮನಿಯಾಕಿಗೂ ದಿನಾ ಮಾತು ಕಳಸ್ತಾರ."