ಫೂಲವಿಲ್ಲದ ಕೌದಿ

ಸಾಂಬ್ರಾಣಿ ಕಡೆಯ ಹಳ್ಳಿಶಾಲೆಯ ಮಕ್ಕಳು ದಾಂಡೇಲಿಯ ಚಿತ್ರಶಾಲೆ ನೋಡಲು ಹೊರಟ ದಿನ, ಮಕ್ಕಳ ಮೇಲೆ ಕಣ್ಣಿಡಲು ಇಬ್ಬರು ಹೆಂಗಸರು ಜೊತೆಗಿದ್ದರೆ ಒಳ್ಳೆಯದೆಂದು ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಿಗೆ ಬಸ್ಸು ಹತ್ತುವಾಗ ಹೊಳೆಯಿತು. ಎದುರಿಗೆ ಸಿಕ್ಕ ಇಬ್ಬರನ್ನು ಹತ್ತಿಸಿಕೊಂಡರು. ಪಾವ್ಲುವಿನ ಕಷ್ಟ ಶುರುವಾದದ್ದು ಅಲ್ಲಿಂದ.

ಪಾವ್ಲು ಆ ಚಿತ್ರಶಾಲೆಯ ಗೈಡು. ಹಿಂದೆ ಕಟ್ಟಿಗೆ ವ್ಯಾಪಾರಿಯೊಬ್ಬರ ಬಂಗಲೆಯಾಗಿದ್ದ ಅದನ್ನು ಊರವರು ಪಟದ ಮನಿ ಎನ್ನುತ್ತಿದ್ದರು. ನಾಲ್ಕು ಕೋಣೆ, ಗೋಡೆಯ ತುಂಬ ಚಿತ್ರ. ಬಂದ ಶಾಲೆಯ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ, ಯಾವುದನ್ನೂ ಮುಟ್ಟಗೊಡದೆ, ಚಿತ್ರದ ಅರ್ಥ ಹೇಳಿ ಕಳಿಸುವುದು ಅವನ ಕೆಲಸ. ಸೇರಿ ಆರು ತಿಂಗಳಾಗಿತ್ತು. ಚಿತ್ರಶಾಲೆಯ ಮುಖ್ಯಸ್ಥೆ ದ್ರಾಕ್ಷಾಯಣಿ ಮೇಡಂ ಇವತ್ತು ಧಾರವಾಡದಿಂದ ಬಂದು ಮಕ್ಕಳ ಹಿಂದೆಯೇ ನಡೆದು ನೋಡುವವರಿದ್ದರು. ಮನಸ್ಸಿಗೆ ಬಂದರೆ ಕೆಲಸ ಕಾಯಂ. ಮನೆಯಲ್ಲಿ ಹೆಂಡತಿ ನೀಲಂಗೆ ಏಳನೆಯ ತಿಂಗಳು.

ಅವನು ಅಂಗಳ ಗುಡಿಸುತ್ತಿದ್ದಾಗ ತಾಯಿ ಕಾತರಿನಾಳ ಫೋನು ಬಂತು.

"ಪುತಾ, ಸಾಲಿ ಹುಡುಗೂರ ಜೋಡಿ ನಾನೂ ಬರಾಕತ್ತೇನಿ. ನೀ ಕೆಲಸ ಮಾಡೂದು ಒಮ್ಮೆರ ನೋಡಿದಂಗಾತು." ಆಮೇಲೆ ದನಿ ತಗ್ಗಿತು. "ಆ ಕೌದಿ ಕಳ್ಳಿನೂ ಬಂದಾಳ. ಹಿಂದಿನ ಸೀಟಿನ್ಯಾಗ ಕುಂತಾಳ."

ಪಾವ್ಲು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸತೊಡಗಿದ.

ಕೌದಿಯ ವಿಷಯ ಹೀಗೆ. ಹುಟ್ಟಲಿರುವ ಮೊಮ್ಮಗುವಿಗೆಂದು, ಇನ್ನೂ ಮೊಮ್ಮಗುವಿನ ಸುಳಿವೇ ಇಲ್ಲದ ಕಾಲದಿಂದ, ಕಾತರಿನಾ ಒಂದು ಕೌದಿ ಹೊಲಿಯುತ್ತಿದ್ದಳು. ಅದರಲ್ಲಿ ಪಾವ್ಲುವಿನ ಶಾಲೆಯ ನೀಲಿ ಅಂಗಿ ಇತ್ತು, ತೀರಿಹೋದ ಗಂಡನ ಕಪ್ಪು ಕೋಟಿನ ಬಟ್ಟೆ ಇತ್ತು, ನೀಲಂ ಮದುವೆಯ ದಿನ ಉಟ್ಟ ಕೆಂಪು ಲಂಗ ಇತ್ತು, ಪಕ್ಕದ ಮನೆಯ ಹೊಳೆವ್ವ ಪ್ರೀತಿಯಿಂದ ಹರಿದುಕೊಟ್ಟ ಹಸಿರು ಸೀರೆಯ ತುಂಡೂ ಇತ್ತು. ಅಂಚಿನಿಂದ ಒಳಗೆ ಸುತ್ತುತ್ತ ಸುತ್ತುತ್ತ ಹೊಲಿಗೆ ನಡುವಿಗೆ ಬಂದು ಮುಗಿದಿತ್ತು. ಉಳಿದದ್ದು ನಾಲ್ಕು ಮೂಲೆಗೆ ಬಟ್ಟೆ ಮಡಚಿ ಇಡುವ ಫೂಲ ಮಾತ್ರ. ಆ ಓಣಿಯಲ್ಲಿ ಫೂಲವಿಲ್ಲದ ಕೌದಿ ಎಂದರೆ ಬತ್ತಲೆ ಕೌದಿ, ಅದನ್ನು ಯಾರೂ ಹೊದೆಯುವುದಿಲ್ಲ. ಕೂಸು ಮನೆಗೆ ಬಂದ ದಿನ ಫೂಲ ಹಾಕುತ್ತೇನೆಂದು ಕಾತರಿನಾ ಅದನ್ನು ಟ್ರಂಕಿನಲ್ಲಿ ಇಟ್ಟಿದ್ದಳು. ಒಂದು ದಿನ ನೋಡಿದರೆ ಟ್ರಂಕಿನಲ್ಲಿ ಕೌದಿ ಇರಲಿಲ್ಲ.

ಆ ಮಧ್ಯಾಹ್ನ ಹೊಳೆವ್ವ ಮೊಸರಿಗೆ ಹೆಪ್ಪು ಕೇಳಲು ಬಂದಿದ್ದಳು. ಅಷ್ಟೇ ಸಾಕಾಯಿತು. ಕಾತರಿನಾ ಆ ಸಂಗತಿಯನ್ನು ನಲ್ಲಿಯ ಹತ್ತಿರ ಹೇಳಿದಳು, ಇಗರ್ಜಿಯ ಮೆಟ್ಟಿಲ ಮೇಲೆ ಹೇಳಿದಳು, ಹಿಟ್ಟಿನ ಗಿರಣಿಯಲ್ಲಿ ಯಂತ್ರದ ಸದ್ದಿಗಿಂತ ಜೋರಾಗಿ ಹೇಳಿದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಕೌದಿ ಒಯ್ದವನು ಪಾವ್ಲು. ಕದಿಯಬೇಕೆಂದು ಒಯ್ದದ್ದಲ್ಲ. ಕೆಲಸಕ್ಕೆ ಸೇರಿದ ದಿನ ಮೇಡಂ, ಕೊನೆಯ ಕೋಣೆ ಖಾಲಿ ಇದೆ, ಹಿಂದೆ ಕಡಲು ದಾಟಿ ಬಂದು ಈ ಕಾಡಂಚಿನಲ್ಲಿ ನೆಲೆಸಿದ ನಿಮ್ಮ ಜನರ ಕೈಕೆಲಸ ಏನಾದರೂ ಸಿಕ್ಕೀತೇ ಎಂದು ಕೇಳಿದ್ದರು. ಎಂಟು ದಿನ ತೋರಿಸಿ ಮತ್ತೆ ಟ್ರಂಕಿನಲ್ಲಿ ಇಟ್ಟರಾಯಿತು ಎಂದುಕೊಂಡ. ಮೇಡಂ ಅದನ್ನು ಅಂಗೈಯಿಂದ ಸವರಿ ಸವರಿ ನೋಡಿದರು. ಮರುದಿನ ಬಡಿಗನನ್ನು ಕರೆಸಿ, ಗಾಜು ಹಾಕಿಸಿ, ಗೋಡೆಗೆ ಮೊಳೆ ಹೊಡೆಸಿಬಿಟ್ಟರು. ಯಾರು ಮಾಡಿದ್ದು ಎಂದು ಕೇಳಿದಾಗ ಪಾವ್ಲುವಿನ ನಾಲಿಗೆ ತಾನಾಗಿಯೇ, ಅಣಶಿ ಕಡೆಯ ಯಾರೋ ಮುದುಕಿ, ಹೆಸರು ಗೊತ್ತಿಲ್ಲ ಎಂದಿತು. ಕೆಳಗೆ 'ಅಜ್ಞಾತ ಕಲಾವಿದೆ' ಎಂಬ ಫಲಕ ಬಂತು. ಅಷ್ಟರಲ್ಲಿ ಊರಿನಲ್ಲಿ ಹೊಳೆವ್ವ ಕಳ್ಳಿಯಾಗಿದ್ದಳು. ನಾಳೆ ಹೇಳಿದರಾಯಿತು ಎಂದು ದಿನಾ ಅಂದುಕೊಂಡ. ಹೊರಗೇ ಉಳಿದ ದೋಸೆ ಹಿಟ್ಟಿನ ಹಾಗೆ ಸಂಗತಿ ಉಬ್ಬುತ್ತ ಹುಳಿಯಾಗುತ್ತ ಹೋಯಿತು.

ಬಸ್ಸು ಬರುವುದರೊಳಗೆ ಅವನು ಒಂದು ಉಪಾಯ ಮಾಡಿದ. ಮೊದಲ ಮೂರು ಕೋಣೆಗಳಲ್ಲೇ ಹೊತ್ತು ಕಳೆಯುವುದು. ಮಕ್ಕಳಿಗೆ ಹಸಿವಾಗಬೇಕು, ಅಕ್ಕೋರಿಗೆ ಅವಸರವಾಗಬೇಕು, ನಾಲ್ಕನೆಯ ಕೋಣೆಯ ಬಾಗಿಲು ತೆರೆಯುವುದೇ ಬೇಡ. ಹೋಗಿ ಅದರ ಚಿಲಕ ಹಾಕಿ ಬಂದ.

ಮೊದಲ ಕೋಣೆಯಲ್ಲಿ ಕಾಳಿ ನದಿಯ ದೊಡ್ಡ ಚಿತ್ರವಿತ್ತು. ನೀರಿನ ಬಣ್ಣ, ಆಕಾಶದ ಬಣ್ಣ, ನೀರಿನಲ್ಲಿ ಬಿದ್ದ ಆಕಾಶದ ಬಣ್ಣ ಎಂದು ಪಾವ್ಲು ಒಂದೊಂದನ್ನೂ ಬಿಡಿಸಿ ಹೇಳಿದ. ಹೊಳೆವ್ವನ ಮೊಮ್ಮಗಳು ಕರಿಷ್ಮಾ ಕೈ ಎತ್ತಿದಳು.

"ಸರ್, ಇದರಾಗ ಮೊಸಳಿ ಎಲ್ಲೈತ್ರಿ?"

"ನೀರಾಗ ಮುಳುಗೇತಿ."

ಮಕ್ಕಳು ಗಂಭೀರವಾಗಿ ತಲೆಯಾಡಿಸಿ, ಮೊಸಳೆ ಮೇಲೆ ಬರುವುದನ್ನು ಕಾಯುತ್ತ ಚಿತ್ರದ ಮುಂದೆ ನೆಲದ ಮೇಲೆ ಕುಳಿತರು. ಯಾರೂ ಕೆಮ್ಮಲಿಲ್ಲ ಕೂಡ. ಪಾವ್ಲು ಆ ಮೊಸಳೆಗೆ ಮನಸ್ಸಿನಲ್ಲೇ ಕೈ ಮುಗಿದ. ಹಿಂದೆ ನಿಂತ ಮೇಡಂ, ಒಂದು ಚಿತ್ರದ ಮುಂದೆ ಇಷ್ಟು ಹೊತ್ತು ಸುಮ್ಮನೆ ಕೂತ ಮಕ್ಕಳನ್ನು ಎಲ್ಲಿಯೂ ಕಂಡಿಲ್ಲವೆಂದು ಅಕ್ಕೋರ ಕಿವಿಯಲ್ಲಿ ಮೆಚ್ಚಿ ನುಡಿದರು.

ಕಾತರಿನಾ ಒಂದು ಮೂಲೆಯಲ್ಲಿ, ಹೊಳೆವ್ವ ಅದರ ಎದುರು ಮೂಲೆಯಲ್ಲಿ ನಿಂತಿದ್ದರು. ಕಾತರಿನಾ ಚಿತ್ರ ನೋಡಿದ್ದು ಕಡಿಮೆ. ಮಗ ಮಾತಾಡಿದಾಗಲೆಲ್ಲ ಅವಳ ತುಟಿಯೂ ಸದ್ದಿಲ್ಲದೆ ಅಲುಗುತ್ತಿತ್ತು, ಚಿಕ್ಕವನಿದ್ದಾಗ ಶಾಲೆಯಲ್ಲಿ ಅವನು ಪದ್ಯ ಹೇಳುವಾಗ ಅಲುಗುತ್ತಿದ್ದ ಹಾಗೆ. ಅದನ್ನು ಕಂಡು ಪಾವ್ಲುವಿಗೆ ಎರಡು ಸಲ ಮಾತು ತಪ್ಪಿತು.

ಎರಡನೆಯ ಕೋಣೆ ಮುಗಿಯಿತು, ಮೂರನೆಯದೂ ಮುಗಿಯಿತು. ಅಕ್ಕೋರು ಗಡಿಯಾರ ನೋಡಿಕೊಂಡರು. ಪಾವ್ಲು, ಇಲ್ಲಿಗೆ ಮುಗಿಯಿತು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮೇಡಂ, ನಮ್ಮ ಹೆಮ್ಮೆ ಇರುವುದೇ ಮುಂದಿನ ಕೋಣೆಯಲ್ಲಿ, ನಡೆಯಿರಿ ಎಂದರು.

"ಅಲ್ಲಿ ಬ್ಯಾಡ್ರಿ ಮೇಡಂ," ಎಂದ ಪಾವ್ಲು. "ಒಳಗ ಹಾವು ಹೊಕ್ಕೇತಿ."

ಪೇಟೆಯ ಮಕ್ಕಳಾಗಿದ್ದರೆ ಬಸ್ಸಿಗೆ ಓಡಿಹೋಗುತ್ತಿದ್ದರು. ಇವರು ಕಾಡಿನ ಅಂಚಿನ ಮಕ್ಕಳು. ಬೆಳಗಿನಿಂದ ಮೊದಲ ಬಾರಿಗೆ ಅವರ ಮುಖ ಅರಳಿತು. ಎಲ್ಲರೂ ಬಾಗಿಲಿಗೆ ಮುತ್ತಿಕೊಂಡರು. ಯಾವ ಹಾವು, ಎಷ್ಟು ಉದ್ದ, ಹೆಡೆ ಇದೆಯೋ ಇಲ್ಲವೋ ಎಂದು ಹೊಳೆವ್ವ ವಿಚಾರಿಸಿದಳು. ಕೇರೆಹಾವು ಎಂದ ಪಾವ್ಲು. ಹಾಗಾದರೆ ಪಾಪ ಅದರ ಪಾಡಿಗೆ ಇರಲಿ, ಅದೂ ಪಟ ನೋಡಲಿ, ಬಾಗಿಲು ತೆಗೆ ಎಂದಳು. ನಾಗರವೂ ಇರಬಹುದು ಎಂದು ಪಾವ್ಲು ತಿದ್ದಿಕೊಂಡ.

ಆಗ ಬಂದವನು ಯೂಸುಫ. ಮೇಡಂ ಅವರನ್ನು ಬಸ್‌ಸ್ಟ್ಯಾಂಡಿನಿಂದ ಕರೆತಂದ ಆಟೋದವನು. ಅರ್ಧ ದಾಂಡೇಲಿಯ ಬಚ್ಚಲುಗಳಲ್ಲಿ ತಾನೇ ಹಾವು ಹಿಡಿದದ್ದೆಂದು ಅವನು ಪ್ರತಿ ಸವಾರಿಗೂ ಹೇಳುವುದುಂಟು. ಹಾವು ಎಂಬ ಮಾತು ಗೇಟಿನವರೆಗೆ ಹೋಗಿದ್ದೇ ತಡ, ತೋಳು ಮಡಚಿಕೊಂಡು ಒಳಗೆ ಬಂದ. ಪಾವ್ಲು ಎಷ್ಟು ತಡೆದರೂ ಕೇಳಲಿಲ್ಲ. ಒಂದು ಗೋಣಿಚೀಲ ತರಿಸಿಕೊಂಡು ಕೋಣೆ ಹೊಕ್ಕು ಬಾಗಿಲು ಮುಂದೆ ಮಾಡಿಕೊಂಡ. ಹೊರಗೆ ಎಲ್ಲರೂ ಬಾಗಿಲಿಗೆ ಕಿವಿ ಹಚ್ಚಿದರು. ಒಳಗೆ ಕುರ್ಚಿ ಸರಿಸಿದ ಸದ್ದು, ಬಕೆಟ್ ಉರುಳಿದ ಸದ್ದು. ಕೊನೆಗೆ ಖಾಲಿ ಚೀಲ ಕೊಡವುತ್ತ ಬಂದ.

"ಹಾವಿಲ್ಲ, ಹಲ್ಲಿನೂ ಇಲ್ಲ ಮೇಡಂ. ಯಾರೋ ಹೊದಿಯೂ ಕೌದಿಗೆ ಗ್ಲಾಸ್ ಹಾಕಿ ಗ್ವಾಡಿಗೆ ಬಡದಾರ. ಕಾಯಕೂ, ಯಾಕಂತ ತಿಳೀಲಿಲ್ಲ."

ಕೌದಿ ಎಂಬ ಮಾತು ಕೇಳಿ ಗುಂಪಿನ ಎರಡು ಬದಿಯಿಂದ ಎರಡು ತಲೆಗಳು ಒಟ್ಟಿಗೆ ಮೇಲೆದ್ದವು. ಇನ್ನು ಯಾರನ್ನೂ ತಡೆಯುವಂತಿರಲಿಲ್ಲ.

ಎಲ್ಲರೂ ಒಳಗೆ ಹೋದರು. ಮೇಡಂ, ವಿವರಿಸಿ ಎಂದು ಸನ್ನೆ ಮಾಡಿದರು. ಪಾವ್ಲು ಗೋಡೆಯ ಕಡೆಗೇ ಮುಖ ಮಾಡಿಕೊಂಡು, ಆರು ತಿಂಗಳಿನಿಂದ ಹೇಳುತ್ತ ಬಂದ ಪಾಠ ಒಪ್ಪಿಸಿದ. ಕಪ್ಪು ಚೌಕ ಎಂದರೆ ದಟ್ಟ ಕಾಡು. ಕೆಂಪು ಚೌಕ ಮುಳುಗುವ ಸೂರ್ಯ. ನಾಲ್ಕು ಮೂಲೆಗಳನ್ನು ಕಲಾವಿದೆ ಬೇಕೆಂದೇ ಖಾಲಿ ಬಿಟ್ಟಿದ್ದಾಳೆ. ಕಡಲು ದಾಟಿ ಬಂದ ಹಿರಿಯರ ದೂರದ ದೇಶದ ನೆನಪು ಅದು, ಯಾವ ಬಟ್ಟೆಯಿಂದಲೂ ತುಂಬಲಾಗದು.

ಮಕ್ಕಳು ಕತ್ತು ಉದ್ದ ಮಾಡಿ ನಾಲ್ಕೂ ಮೂಲೆ ನೋಡಿದರು. ಆಮೇಲೆ ಕರಿಷ್ಮಾ ಮೆಲ್ಲಗೆ, "ಇದಕ್ಕ ಫೂಲ ಇಲ್ಲ. ಬತ್ತಲ ಐತಿ," ಎಂದಳು. ಇಬ್ಬರು ಹುಡುಗಿಯರು ನಾಚಿ ಕಣ್ಣು ಮುಚ್ಚಿಕೊಂಡರು.

ಅಕ್ಕೋರು ಬಹಳ ಒಳ್ಳೆಯ ಹೆಂಗಸು. ಯಾರಿಗೂ ಕೇಡು ಬಯಸಿದವರಲ್ಲ. ಆದರೆ ತೋಚಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಗೊತ್ತಿಲ್ಲ.

"ಕಾತರಿನಾಬಾಯಿ, ನಿಮ್ಮದೂ ಹಿಂಗ ಫೂಲ ಹಾಕದ ಕೌದಿ ಕಳುವಾಗಿತ್ತಲ್ರಿ?"

ಮೇಡಂ ತಿರುಗಿ ನಿಂತರು. ಅವರ ದನಿ ಏರಲಿಲ್ಲ. ಇಲ್ಲಿನ ಒಂದೊಂದು ವಸ್ತುವನ್ನೂ ಕೇಳಿ, ಕೈಯಾರೆ ಕೊಟ್ಟದ್ದನ್ನೇ ತಂದದ್ದು ಎಂದರು. ಕೇಳದೆ ತಂದದ್ದು ಇಲ್ಲಿ ಇರಬಾರದು, ತಂದವರೂ ಇರಬಾರದು. ಹೀಗೆಂದು ಕಾತರಿನಾಳ ಹತ್ತಿರ ಬಂದರು.

"ಖರೇ ಹೇಳ್ರಿ. ಇದು ನಿಮ್ಮದೇನು?"

ಕಾತರಿನಾ ಗಾಜಿನ ಹತ್ತಿರ ಹೋದಳು. ಮುಟ್ಟಬಾರದೆಂದು ಮಗ ಹೇಳಿದ್ದು ನೆನಪಾಗಿ ಕೈ ಅರ್ಧಕ್ಕೆ ನಿಂತಿತು. ಕಾಡು ಎಂದನಲ್ಲ, ಅದು ಗಂಡನ ಕೋಟು. ಮುಳುಗುವ ಸೂರ್ಯ ಸೊಸೆಯ ಲಂಗ. ಅದರ ಪಕ್ಕದ ನೀಲಿ ತುಂಡನ್ನು ಅವಳು ಬಹಳ ಹೊತ್ತು ನೋಡಿದಳು. ಆ ಅಂಗಿಯ ಕಿಸೆ ಹರಿದಾಗ ಹಾಕಿದ ಹೊಲಿಗೆ ಇನ್ನೂ ಇತ್ತು. ತಿರುಗಿ ಮಗನ ಮುಖ ನೋಡಿದಳು. ಹಾಲಿನ ಪಾತ್ರೆ ಉರುಳಿಸಿ ಬಾಗಿಲ ಹಿಂದೆ ನಿಲ್ಲುತ್ತಿದ್ದ ಹುಡುಗನ ಮುಖವೇ ಅದು.

"ನಂದಲ್ರಿ," ಎಂದಳು.

ಪಾವ್ಲುವಿನ ಎದೆಯಿಂದ ಕುಕ್ಕರಿನ ಹಬೆಯಂತೆ ಉಸಿರು ಹೊರಬಂತು. ಕೆಲಸ ಉಳಿಯಿತು.

"ಹಂಗಾರ ನಂದು," ಎಂದಳು ಹೊಳೆವ್ವ.

ಎಲ್ಲರೂ ಅವಳ ಕಡೆ ತಿರುಗಿದರು. ಹೊಳೆವ್ವ ಸಾವಕಾಶವಾಗಿ ಮುಂದೆ ಬಂದು ಹಸಿರು ತುಂಡಿಗೆ ಬೆರಳು ತೋರಿಸಿ, ಇದು ಯಾರ ಸೀರೆ ಎಂದು ಮೊಮ್ಮಗಳನ್ನು ಕೇಳಿದಳು. ಸುಳ್ಳು ಹೇಳಬಾರದೆಂದು ಅದೇ ವಾರ ಪಾಠವಾಗಿದ್ದ ಕರಿಷ್ಮಾ, ನಮ್ಮಜ್ಜಿಯ ಸೀರೆ ಎಂದಳು. ಕಾತರಿನಾಳ ಬಾಯಿ ತೆರೆಯಿತು. ತೆರೆದ ಬಾಯಿ ಏನೂ ಹೇಳಲಾರದೆ ಮತ್ತೆ ಮುಚ್ಚಿತು. ಈಗಷ್ಟೇ ಎಲ್ಲರೆದುರು ಇದು ತನ್ನದಲ್ಲ ಎಂದಿದ್ದಳಲ್ಲ.

ಮೇಡಂ ಮುಖದಲ್ಲಿ ಸಂತೋಷವೂ ಸಂಶಯವೂ ಒಟ್ಟಿಗೆ ಕಂಡವು. ಹಾಗಾದರೆ ಇದು ಇಲ್ಲಿಗೆ ಹೇಗೆ ಬಂತು, ನೀವಾಗಿ ಕೊಟ್ಟಿರೋ, ಕೇಳದೆ ತಂದನೋ ಎಂದು ಹೊಳೆವ್ವನನ್ನೇ ಕೇಳಿದರು.

ಹೊಳೆವ್ವ ಸೊಂಟದ ಎಲೆಚೀಲ ಬಿಚ್ಚಿದಳು, ಒಳಗೆ ನೋಡಿದಳು, ಮತ್ತೆ ಕಟ್ಟಿದಳು. ಪಾವ್ಲುವನ್ನು ನೋಡಿದಳು. ಆಮೇಲೆ ಕಾತರಿನಾಳನ್ನು ನೋಡಿದಳು. ತಾನು ಬಂದ ಕೂಡಲೇ ನಲ್ಲಿಯ ಹತ್ತಿರ ಮಾತು ನಿಲ್ಲುತ್ತಿದ್ದ ಅಷ್ಟೂ ಮುಂಜಾನೆಗಳು ಆ ನೋಟದಲ್ಲಿದ್ದವು.

"ನಾನ ಕೊಟ್ಟೇನ್ರಿ. ಹೆಸರು ಹೇಳಬ್ಯಾಡ ಅಂತ ನಾನ ಅಂದಿದ್ದೆ. ಯಾರೂ ಕದ್ದಿಲ್ಲ. ನಮ್ಮ ಓಣ್ಯಾಗ ಕಳ್ಳರಿಲ್ಲ." ಸ್ವಲ್ಪ ತಡೆದಳು. "ಹೌದಲ್ಲ ಕಾತರಿನಾ? ಹುಡುಗೂರಿಗೂ ಕೇಳೂವಂಗ ಹೇಳು."

ಮಕ್ಕಳೆಲ್ಲ ಕಾತರಿನಾಳನ್ನೇ ನೋಡುತ್ತಿದ್ದರು. ಸಂಜೆಯೊಳಗೆ ಈ ಮಾತು ಪ್ರತಿ ಮನೆಯ ಒಲೆಯವರೆಗೆ ಹೋಗುತ್ತದೆಂದು ಅವಳಿಗೂ ಗೊತ್ತಿತ್ತು.

"ಹೌದು," ಎಂದಳು ಕಾತರಿನಾ. "ನಮ್ಮ ಓಣ್ಯಾಗ ಕಳ್ಳರು ಯಾರೂ ಇಲ್ಲ."

ಮೇಡಂ ಅಲ್ಲೇ ಪಾವ್ಲುವಿನ ಕೈ ಕುಲುಕಿ ಕೆಲಸ ಕಾಯಂ ಎಂದರು. 'ಅಜ್ಞಾತ' ಎಂಬ ಫಲಕ ತೆಗೆಸಿ ಹೊಳೆವ್ವನ ಹೆಸರು ಬರೆಸಲು ಹೇಳಿದರು. ಇನ್ನು ಮುಂದೆ ಯಾವ ಶಾಲೆ ಬಂದರೂ ಕಲಾವಿದೆ ಈ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿರಬೇಕು. ಪಾವ್ಲು ಅವಳನ್ನು ಮುಂಜಾನೆ ಬಸ್ಸಿನಲ್ಲಿ ಕರೆತಂದು, ಸಂಜೆ ಮನೆ ಮುಟ್ಟಿಸಬೇಕು. ಹೊಳೆವ್ವ ಒಪ್ಪಿಕೊಂಡಳು. ತನ್ನ ಎಲೆಚೀಲವನ್ನು ಹಿಡಿದುಕೊಳ್ಳಲು ಆಗಲೇ ಪಾವ್ಲುವಿನ ಕೈಗೆ ಕೊಟ್ಟಳು.

ಸಂಜೆ ಮನೆಯಲ್ಲಿ ಕಾತರಿನಾ ಮಗನಿಗೆ ಮಾತಿಲ್ಲದೆ ಊಟ ಬಡಿಸಿದಳು. ಸಾರು ಇನ್ನೊಂದು ಸೌಟು ಹಾಕಿದಳು, ಅದನ್ನೂ ಮಾತಿಲ್ಲದೆ. ಅವನು ಕೈ ತೊಳೆದು ಬಂದಾಗ ಚಾಪೆಯ ಮೇಲೆ ಸೂಜಿ, ದಾರ, ಹಳೆ ಬಟ್ಟೆಯ ರಾಶಿ ಇದ್ದವು. ರಾಶಿಯಲ್ಲಿ ಅವನ ಎರಡು ಒಳ್ಳೆಯ ಅಂಗಿಗಳೂ ಕತ್ತರಿಸಿಕೊಂಡು ಬಿದ್ದಿದ್ದವು.

"ಕೂಸು ಬರೂದರಾಗ ಆಗಬೇಕು," ಎಂದಳು. "ಅಂಚಿನಿಂದ ಸುರು ಮಾಡು."

ನೀಲಂ ನಗು ಕಾಣದಂತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ಹೊಳೆವ್ವ ಬಂದಳು, ಆರು ತಿಂಗಳ ಮೇಲೆ ಮೊದಲ ಬಾರಿಗೆ. ಒಂದು ಕೈಯಲ್ಲಿ ಹೆಪ್ಪಿನ ಬಟ್ಟಲು, ಇನ್ನೊಂದರಲ್ಲಿ ಉಳಿದಿದ್ದ ಹಸಿರು ಸೀರೆ. ಕಾತರಿನಾ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ಹೊಳೆವ್ವ ಕೂತು ಪಾವ್ಲುವಿನ ಹೊಲಿಗೆಯನ್ನು ದೀಪಕ್ಕೆ ಹಿಡಿದು ನೋಡಿದಳು.

"ಇಷ್ಟುದ್ದ ಟಾಕಿ ಹಾಕಿದರ ಕೂಸಿನ ಕಾಲಬೆರಳು ಸಿಗತಾವು. ಬಿಚ್ಚು."

ಅವನು ಬಿಚ್ಚತೊಡಗಿದ.

"ಮೂಲಿಗೆ ಫೂಲ ಹಾಕೂಣೋ, ದೂರದೇಶದ ನೆನಪಿಗೆ ಖಾಲಿ ಬಿಡೂಣೋ?" ಎಂದು ಹೊಳೆವ್ವ ಕೇಳಿದಳು. ಕಾತರಿನಾ ನಗು ತಡೆಯಲಾರದೆ ಅವಳ ಹೆಗಲಿಗೆ ಹಣೆ ಹಚ್ಚಿದಳು.

ಪಾವ್ಲು ತಲೆ ಎತ್ತಲಿಲ್ಲ. ನಾಳೆ ಮುಂಡಗೋಡದ ಒಂದು ಶಾಲೆ ಬರುವುದಿತ್ತು. ಅಷ್ಟರೊಳಗೆ ಒಂದು ಬದಿಯ ಅಂಚಾದರೂ ಮುಗಿದಿರಬೇಕಿತ್ತು. ಮುಂಜಾನೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಒಂದೊಂದು ಟಾಕಿಯನ್ನೂ ನೋಡುವುದಾಗಿ ಕಲಾವಿದೆ ಹೇಳಿದ್ದಳು.